25ರ ಹತ್ತಿರದ ಆ ಮಸುಕು ಗೆರೆ

ಪೋಸ್ಟರ್‌ಗೆ ಹಾಕುವ ಚಿತ್ರವನ್ನು ಕತ್ತರಿಸಿದವಳು ನಾನೇ. ಮೌಸ್ ಹಿಡಿದು ಒಂದು ಚೌಕ ಎಳೆದೆ, ಕ್ರಾಪ್ ಒತ್ತಿದೆ, ಅಷ್ಟೇ. ಚೌಕದ ಒಳಗೆ ಉಳಿದದ್ದು ಕಾಡಿಗೆ ತೀಡಿದಂತೆ ದಪ್ಪಗೆ, ಕಪ್ಪಗೆ ಇದ್ದ ಒಂದು ಗೆರೆ. ಹೊರಗೆ ಹೋದದ್ದು ಅದಕ್ಕಿಂತ ಬಹಳ ಕೆಳಗಿದ್ದ ಇನ್ನೊಂದು ಮಸುಕು ಗೆರೆ. ಅದು ಕೊಳೆ ಅಂದುಕೊಂಡೆ. ನಿಜ ಹೇಳಬೇಕೆಂದರೆ, ಕೊಳೆಯೇ ಆಗಿರಲಿ ಅಂದುಕೊಂಡೆ.

ನನ್ನದು ಬಿಇ ಬಯೋಟೆಕ್ನಾಲಜಿ, ಆರನೇ ಸೆಮಿಸ್ಟರ್. ಮಿನಿ ಪ್ರಾಜೆಕ್ಟ್‌ಗೆ ನಾವು ಮೂವರು ಗೆಳತಿಯರು ಆರಿಸಿಕೊಂಡದ್ದು ಮೇಕೆಯ ಹೃದಯ. ಅದರ ಜೀವಕೋಶಗಳಲ್ಲಿ ಶಕ್ತಿ ತಯಾರಿಸುವ ಒಂದು ಪ್ರೋಟೀನನ್ನು ಪ್ರತಿಕಾಯ ಬಳಸಿ ಪತ್ತೆ ಹಚ್ಚಬೇಕು. ಬೆಳಿಗ್ಗೆ ಏಳಕ್ಕೆ ಐಸ್ ತುಂಬಿದ ಥರ್ಮಾಕೋಲ್ ಡಬ್ಬಿ ಹಿಡಿದು ಮಟನ್ ಅಂಗಡಿ ಮುಂದೆ ನಿಂತರೆ ಅಂಗಡಿಯವರು, 'ಬರೀ ಗುಂಡಿಗೆ ಸಾಕಾ? ಲಿವರ್ ಬೇಡ್ವಾ?' ಅಂತ ಕೇಳಿದರು. ಬೇಡ ಅಂದಿದ್ದಕ್ಕೆ, 'ಮನೇಲಿ ಯಾರಿಗಾದ್ರೂ ಹುಷಾರಿಲ್ವೇನಮ್ಮಾ?' ಅಂದರು. ಲ್ಯಾಬಿಗೆ ಅಂತ ಹೇಳಿದ ಮೇಲೆ ಅವರು ಏನೂ ಕೇಳಲಿಲ್ಲ, ಚಿಲ್ಲರೆಯನ್ನು ಮಾತ್ರ ಸ್ವಲ್ಪ ಅನುಮಾನದಿಂದ ಕೊಟ್ಟರು.

ಹೃದಯವೇ ಯಾಕೆ ಅಂದರೆ ನಾನು ಹಾಸನದವಳು. ಕಳೆದ ವರ್ಷ, 2025ರ ಜೂನ್‌ನಲ್ಲಿ ನಮ್ಮ ಜಿಲ್ಲೆಯ ಹೆಸರು ದಿನಾ ಟಿವಿಯಲ್ಲಿ ಬರುತ್ತಿತ್ತು. 40 ದಿನಗಳಲ್ಲಿ 20ಕ್ಕೂ ಹೆಚ್ಚು ಜನ ಹೃದಯಾಘಾತದಿಂದ ತೀರಿಕೊಂಡರು, ಅವರಲ್ಲಿ ನನ್ನ ವಯಸ್ಸಿನವರೂ ಇದ್ದರು ಎಂಬ ಸುದ್ದಿ. ಹಾಸ್ಟೆಲ್‌ನಲ್ಲಿ ಯಾರೇ ಸಿಕ್ಕರೂ, 'ನಿಮ್ಮೂರಲ್ಲಿ ಏನೇ ಆಗ್ತಿದೆ?' ಎನ್ನುವುದು ಮೊದಲ ಪ್ರಶ್ನೆ. ಊರಿನಿಂದ ಅಮ್ಮ ಫೋನ್ ಮಾಡಿ ಎದೆ ಉರಿ ಬಂದರೂ ಹೇಳು ಅನ್ನುತ್ತಿದ್ದರು. ಅಪ್ಪ ಕ್ಯೂ ನಿಂತು ಇಸಿಜಿ ಮಾಡಿಸಿಕೊಂಡು ಬಂದರು, ನಾರ್ಮಲ್. ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಬೆಳಗಿನ ಜಾವದಿಂದ ಜನ ಸಾಲುಗಟ್ಟಿದ್ದರು. ಪ್ರಾಜೆಕ್ಟ್ ವಿಷಯ ಕೇಳಿದಾಗ ನನ್ನ ಬಾಯಿಂದ ಹೃದಯ ಎಂಬ ಮಾತು ತಾನಾಗಿಯೇ ಬಂತು.

ನಮ್ಮ ಪ್ರೋಟೀನಿನ ಹೆಸರು ಎಟಿಪಿ ಸಿಂಥೇಸ್. ಇದನ್ನು ಅರ್ಥ ಮಾಡಿಕೊಳ್ಳಲು ಶೆಟ್ಟಿಹಳ್ಳಿಯವಳಾದ ನನಗೆ ಪುಸ್ತಕವೇ ಬೇಕಿರಲಿಲ್ಲ ಎಂದು ಜಂಬ ಕೊಚ್ಚಿಕೊಳ್ಳಬಹುದು. ನಮ್ಮೂರಿನ ಹಳೇ ರೋಸರಿ ಚರ್ಚ್ ನಿಮಗೆ ಗೊತ್ತಿರುತ್ತದೆ. ಫ್ರೆಂಚ್ ಮಿಷನರಿಗಳು 1860ರ ಸುಮಾರಿಗೆ ಕಟ್ಟಿದ್ದು, ಮಳೆಗಾಲದಲ್ಲಿ ಹೇಮಾವತಿ ಹಿನ್ನೀರಿನಲ್ಲಿ ಮುಳುಗಿ ಬೇಸಿಗೆಯಲ್ಲಿ ಮತ್ತೆ ಮೇಲೇಳುವುದು. ಅದು ಮುಳುಗುವುದು ಗೊರೂರಿನಲ್ಲಿ ಅಣೆಕಟ್ಟು ಇರುವುದರಿಂದ. ಒಂದು ಕಡೆ ನೀರು ಎತ್ತರಕ್ಕೆ ತುಂಬಿರುತ್ತದೆ, ಇನ್ನೊಂದು ಕಡೆ ತಗ್ಗು. ದಾರಿ ಬಿಟ್ಟರೆ ನುಗ್ಗುತ್ತದೆ. ಆ ನೀರು ಕಾವೇರಿಗೆ ಸೇರಿ, ಕೆಆರ್‌ಎಸ್ ದಾಟಿ, ಶಿವನಸಮುದ್ರಕ್ಕೆ ಹೋದರೆ ಅಲ್ಲಿ ಟರ್ಬೈನ್ ತಿರುಗಿಸುತ್ತದೆ. ಅಲ್ಲಿ 1902ರಿಂದ ಕರೆಂಟ್ ತಯಾರಾಗುತ್ತಿದೆ, ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ.

ಜೀವಕೋಶದೊಳಗಿನ ಮೈಟೊಕಾಂಡ್ರಿಯದಲ್ಲೂ ಇದೇ ಏರ್ಪಾಡು. ನಾವು ತಿಂದ ಮುದ್ದೆಯಿಂದ, ಉಸಿರಾಡಿದ ಆಮ್ಲಜನಕದಿಂದ ಬಂದ ಶಕ್ತಿ ಬಳಸಿ ಅದು ಪ್ರೋಟಾನುಗಳನ್ನು ಒಳಪೊರೆಯ ಆಚೆಗೆ ಪಂಪ್ ಮಾಡಿ ತುಂಬಿಸುತ್ತದೆ. ಪೊರೆಯೇ ಅಣೆಕಟ್ಟು. ಆಚೆ ಒತ್ತಾಗಿ ತುಂಬಿದ ಪ್ರೋಟಾನುಗಳಿಗೆ ವಾಪಸ್ ಬರಲು ಇರುವ ಮುಖ್ಯ ದಾರಿ ಎಟಿಪಿ ಸಿಂಥೇಸ್. ಅವು ನುಗ್ಗುವಾಗ ಈ ಪ್ರೋಟೀನು ನಿಜಕ್ಕೂ ಗಿರ್ರನೆ ತಿರುಗುತ್ತದೆ, ಒಂದು ಸುತ್ತಿಗೆ ಮೂರು ಎಟಿಪಿ ಅಣುಗಳನ್ನು ಹೊರಹಾಕುತ್ತದೆ. ಪೊರೆಯ ಎರಡು ಬದಿಯ ಈ ಏರುಪೇರೇ ಶಕ್ತಿಯ ಮೂಲ ಎಂದು ಪೀಟರ್ ಮಿಚೆಲ್ 1961ರಲ್ಲಿ ಹೇಳಿದಾಗ ಬಹಳ ಜನ ನಂಬಲಿಲ್ಲ; 1978ರಲ್ಲಿ ಅದಕ್ಕೇ ನೊಬೆಲ್ ಬಂತು. ಇದು ತಿರುಗುವುದನ್ನು ಜಪಾನಿನ ವಿಜ್ಞಾನಿಗಳು 1997ರಲ್ಲಿ ಸೂಕ್ಷ್ಮದರ್ಶಕದಡಿ ಕಣ್ಣಾರೆ ತೋರಿಸಿದರು. ಪ್ರೋಟೀನಿನ ತಿರುಗುವ ಭಾಗಕ್ಕೆ ಒಂದು ಹೊಳೆಯುವ ಎಳೆ ಅಂಟಿಸಿ, ಆ ಎಳೆ ಫ್ಯಾನಿನ ರೆಕ್ಕೆಯಂತೆ ಸುತ್ತುವುದನ್ನು ವಿಡಿಯೊ ಮಾಡಿದರು. ನಾನು ಆ ವಿಡಿಯೊ ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ.

ಹೃದಯಕ್ಕೆ ರಜೆ ಇಲ್ಲವಲ್ಲ. ಅದರ ಸ್ನಾಯುಕೋಶದ ಸುಮಾರು ಮೂರನೇ ಒಂದು ಭಾಗ ಮೈಟೊಕಾಂಡ್ರಿಯವೇ. ಎಟಿಪಿ ತಯಾರಿಕೆ ನಿಂತರೆ ಇರುವ ದಾಸ್ತಾನು ಕೆಲವು ಸೆಕೆಂಡಿಗಷ್ಟೇ ಸಾಕು. ಹಾಗಾಗಿ ಈ ಪ್ರೋಟೀನನ್ನು ಹುಡುಕಲು ಹೃದಯಕ್ಕಿಂತ ಸುಲಭದ ಜಾಗ ಇಲ್ಲ. ಸುಲಭವಾಗಿ ಸಿಗುತ್ತದೆ ಎಂಬ ಈ ನಂಬಿಕೆಯೇ ನಮ್ಮನ್ನು ಕೆಡಿಸಿತು.

ಹುಡುಕುವುದು ಪ್ರತಿಕಾಯದಿಂದ. ಹಾವು ಕಚ್ಚಿದಾಗ ಕೊಡುವ ಇಂಜೆಕ್ಷನ್ ಹಳ್ಳಿಯವರಿಗೆಲ್ಲ ಗೊತ್ತು. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷವನ್ನು ಚೂರುಚೂರೇ ಕುದುರೆಗೆ ಕೊಟ್ಟು, ಅದರ ರಕ್ತದಲ್ಲಿ ಹುಟ್ಟುವ ಪ್ರತಿಕಾಯಗಳಿಂದ ಆ ಔಷಧಿ ಮಾಡುತ್ತಾರೆ. ಅದರಲ್ಲಿರುವುದು ನೂರಾರು ಬಗೆಯ ಪ್ರತಿಕಾಯಗಳ ಗುಂಪು. ನಮಗೆ ಬೇಕಾದದ್ದು ಒಂದೇ ಬಗೆಯದು, ಎಟಿಪಿ ಸಿಂಥೇಸ್‌ನ ಆಲ್ಫಾ ಎಂಬ ಒಂದು ಭಾಗವನ್ನು ಮಾತ್ರ ಹಿಡಿಯುವಂಥದ್ದು. ಹೀಗೆ ಒಂದೇ ಬಗೆಯ ಪ್ರತಿಕಾಯವನ್ನು ಬೇಕಾದಷ್ಟು ತಯಾರಿಸುವ ವಿಧಾನವನ್ನು ಕೇಂಬ್ರಿಜ್‌ನಲ್ಲಿ ಕೋಲರ್ ಮತ್ತು ಮಿಲ್‌ಸ್ಟೀನ್ 1975ರಲ್ಲಿ ಕಂಡುಹಿಡಿದರು. ಪ್ರತಿಕಾಯ ಮಾಡುವ ಇಲಿಯ ಕೋಶವನ್ನು ಸಾವಿಲ್ಲದೆ ಬೆಳೆಯುವ ಕ್ಯಾನ್ಸರ್ ಕೋಶದ ಜೊತೆ ಬೆಸೆದರು. ಪೇಟೆಂಟ್ ಕೂಡ ಮಾಡಿಸಲಿಲ್ಲ. ಬೆಂಗಳೂರಿನ ಬಯೋಕಾನ್ 2006ರಲ್ಲಿ ತಲೆ-ಕತ್ತಿನ ಕ್ಯಾನ್ಸರ್‌ಗೆ ಬಿಡುಗಡೆ ಮಾಡಿದ ಔಷಧಿಯೂ ಇಂಥದೇ ಒಂದು ಪ್ರತಿಕಾಯ. ನಮ್ಮ ಬ್ರಾಂಚಿನವರು ಕೆಲಸಕ್ಕೆ ಅರ್ಜಿ ಹಾಕುವ ಎಷ್ಟೋ ಕಂಪನಿಗಳ ಅನ್ನ ಇದರಿಂದಲೇ.

ಲ್ಯಾಬಿಗೆ ಬರುವ ಇಂಥ ಪ್ರತಿಕಾಯದ ಪುಟ್ಟ ಬಾಟಲಿಗೆ ಹತ್ತಾರು ಸಾವಿರ ರೂಪಾಯಿ. ಒಳಗಿರುವುದು 100 ಮೈಕ್ರೋಲೀಟರ್, ಅಂದರೆ ಎರಡು ಹನಿ. ನಮ್ಮ ವಿಭಾಗದಲ್ಲಿ ಪಿಎಚ್‌ಡಿ ಮಾಡುತ್ತಿರುವ ಅಕ್ಕ ತಮ್ಮ ಬಾಟಲಿಯಿಂದ 20 ಮೈಕ್ರೋಲೀಟರ್ ಕೊಟ್ಟರು. ಮನೆಯಲ್ಲಿ ಕೇಸರಿ ಎಳೆ ಕೊಡುವ ಹಾಗೆ. ಅದರಲ್ಲಿ ಎರಡು ಪ್ರಯೋಗ ಮಾಡಬಹುದು, ಮೂರನೆಯದಕ್ಕೆ ಇಲ್ಲ.

ಪ್ರಯೋಗದ ಹೆಸರು ವೆಸ್ಟರ್ನ್ ಬ್ಲಾಟ್. ಹೃದಯದ ತುಂಡು ಅರೆದು, ಅದರ ಪ್ರೋಟೀನುಗಳನ್ನು ಜೆಲ್‌ನಲ್ಲಿ ಕರೆಂಟ್ ಹರಿಸಿ ಓಡಿಸಬೇಕು. ಚಿಕ್ಕವು ಬೇಗ ಕೆಳಗೆ ಓಡುತ್ತವೆ, ದೊಡ್ಡವು ಮೇಲೇ ಉಳಿಯುತ್ತವೆ. ಎಲ್ಲವನ್ನೂ ಒಂದು ತೆಳು ಹಾಳೆಗೆ ಇಳಿಸಿ, ಖಾಲಿ ಜಾಗಕ್ಕೆ ಕೊಬ್ಬಿಲ್ಲದ ಹಾಲಿನ ಪುಡಿ ಕದಡಿ ಹಾಕಿ (ಹೌದು, ಹಾಲಿನ ಪುಡಿಯೇ), ಆಮೇಲೆ ಪ್ರತಿಕಾಯ. ಅದು ತನ್ನ ಪ್ರೋಟೀನನ್ನು ಹುಡುಕಿ ಅಂಟಿಕೊಳ್ಳುತ್ತದೆ. ಆದರೆ ಅಂಟಿದ್ದು ಕಣ್ಣಿಗೆ ಕಾಣಿಸುವುದಿಲ್ಲ. ಅದಕ್ಕೆ ಎರಡನೇ ಪ್ರತಿಕಾಯ ಬೇಕು, ಮೊದಲನೆಯದನ್ನು ಹಿಡಿದು ಬೆಳಕು ತೋರಿಸುವಂಥದ್ದು. ಮೊದಲನೆಯದು ಇಲಿಯದು. ಎರಡನೆಯದು, ಇಲಿಯ ಪ್ರತಿಕಾಯ ಕಂಡರೆ ಹಿಡಿಯಲಿ ಎಂದು ಮೊಲದಲ್ಲಿ ತಯಾರಿಸಿದ್ದು. ಅದು ನಮ್ಮ ಫ್ರಿಜ್‌ನಲ್ಲಿ ಮೊದಲೇ ಇತ್ತು.

ಆಲ್ಫಾ ಭಾಗದ ತೂಕ ಸುಮಾರು 55 ಕಿಲೋಡಾಲ್ಟನ್. ನಮ್ಮ ಗೆರೆ ಬಂದದ್ದು ಸರಿಯಾಗಿ ಅಲ್ಲೇ. ಒಂದೇ ಸ್ಯಾಂಪಲನ್ನು ಮೂರು ಪ್ರಮಾಣದಲ್ಲಿ ಹಾಕಿದ್ದೆವು. ಹೆಚ್ಚು ಹಾಕಿದಲ್ಲಿ ಗೆರೆ ಹೆಚ್ಚು ಕಪ್ಪು. ಇದಕ್ಕಿಂತ ಸಾಕ್ಷಿ ಬೇಕೇ? ಕತ್ತಲೆ ಕೋಣೆಯಲ್ಲಿ ಮೂವರೂ ಕಿರುಚಿದೆವು. ಸಂಜೆ ಚಿತ್ರ ಕತ್ತರಿಸಿ, ಮರುದಿನ 450 ರೂಪಾಯಿ ಕೊಟ್ಟು ಪೋಸ್ಟರ್ ಪ್ರಿಂಟ್ ಹಾಕಿಸಿದೆವು.

ಕತ್ತರಿಸದ ಚಿತ್ರ ಲ್ಯಾಬಿನ ಕಂಪ್ಯೂಟರಿನಲ್ಲೇ ಉಳಿದಿತ್ತು. ಅಕ್ಕ ಅದನ್ನು ನೋಡಿ, 'ಗೆರೆ ಚೆನ್ನಾಗಿ ಬಂದಿದೆ ಕಣೇ' ಅಂದರು. ಆಮೇಲೆ ಕೆಳಗೆ ಬೆರಳಿಟ್ಟು, '25ರ ಹತ್ತಿರ ಇರೋದು ಏನು?' ಅಂತ ಕೇಳಿದರು.

'ಕೊಳೆ ಅನ್ಸುತ್ತೆ ಅಕ್ಕಾ.'

'ಮೂರು ಲೇನ್‌ನಲ್ಲೂ ಒಂದೇ ಎತ್ತರಕ್ಕೆ ಬರೋ ಕೊಳೆನಾ?'

ಉತ್ತರ ನನ್ನ ಬಳಿ ಇರಲಿಲ್ಲ. ಅವರು ಬೇರೇನೂ ಹೇಳಲಿಲ್ಲ, ಇಲಿಯ ಪ್ರತಿಕಾಯ ಹಾಕದೆ ಮೊಲದ್ದು ಮಾತ್ರ ಹಾಕಿ ಇನ್ನೊಂದು ಸಲ ಮಾಡು ಅಂದರು. ಮೊದಲನೆಯದು ಇಲ್ಲದಿದ್ದರೆ ಎರಡನೆಯದಕ್ಕೆ ಹಿಡಿಯಲು ಏನೂ ಇರಬಾರದು. ಹಾಳೆ ಖಾಲಿ ಬರಬೇಕು. ಅಂದ ಹಾಗೆ ಈ ಪರೀಕ್ಷೆಗೆ ಆ ದುಬಾರಿ ಹನಿಯಲ್ಲಿ ಒಂದು ಚೂರೂ ಖರ್ಚಾಗುವುದಿಲ್ಲ. ಎಲ್ಲಕ್ಕಿಂತ ಅಗ್ಗದ್ದನ್ನೇ ನಾವು ಮಾಡಿರಲಿಲ್ಲ.

ಹಾಳೆ ಖಾಲಿ ಬರಲಿಲ್ಲ. 55ರ ಹತ್ತಿರ ಅದೇ ಕಪ್ಪು ಗೆರೆ, 25ರಲ್ಲಿ ಅದೇ ಮಸುಕು ಗೆರೆ.

ಅಂದರೆ ನಾವು ಕುಣಿದಾಡಿದ್ದು ಎಟಿಪಿ ಸಿಂಥೇಸ್ ನೋಡಿ ಅಲ್ಲ, ಮೇಕೆಯ ರಕ್ತ ನೋಡಿ. ಅಂಗಡಿಯಿಂದ ತಂದ ಗುಂಡಿಗೆಯಲ್ಲಿ ರಕ್ತ ಇದ್ದೇ ಇರುತ್ತದೆ. ಅದರಲ್ಲಿ ಮೇಕೆಯದೇ ಪ್ರತಿಕಾಯಗಳಿರುತ್ತವೆ. ಜೆಲ್‌ಗೆ ಹಾಕುವ ಮುನ್ನ ಕುದಿಸಿದಾಗ ಒಂದೊಂದು ಪ್ರತಿಕಾಯವೂ ಬಿಡಿಬಿಡಿಯಾಗಿ ಎರಡು ಬಗೆಯ ತುಂಡುಗಳಾಗುತ್ತದೆ. ದೊಡ್ಡ ತುಂಡು ಸುಮಾರು 50, ಸಣ್ಣದು ಸುಮಾರು 25 ಕಿಲೋಡಾಲ್ಟನ್. ನಮ್ಮ ಜೆಲ್‌ನಲ್ಲಿ ಅಷ್ಟು ದಪ್ಪದ ಗೆರೆ 50ರದ್ದೋ 55ರದ್ದೋ ಹೇಳುವುದು ಕಷ್ಟ. ಮೊಲದ ಮೈಗೆ ಇಲಿಯ ಪ್ರತಿಕಾಯವೂ ಪರಕೀಯ, ಮೇಕೆಯದೂ ಪರಕೀಯ. ಎರಡರ ರೂಪವೂ ಸಾಕಷ್ಟು ಹೋಲುತ್ತದೆ. ಹಾಗಾಗಿ ಮೊಲದ ಪ್ರತಿಕಾಯ ಎರಡನ್ನೂ ಹಿಡಿಯಿತು. ಸ್ಯಾಂಪಲ್ ಹೆಚ್ಚಾದಂತೆ ಗೆರೆ ಕಪ್ಪಾದದ್ದೂ ಸಹಜವೇ, ಹೆಚ್ಚು ಸ್ಯಾಂಪಲ್‌ನಲ್ಲಿ ರಕ್ತವೂ ಹೆಚ್ಚು. ನಾನು ಕತ್ತರಿಸಿ ಎಸೆದಿದ್ದ ಆ ಮಸುಕು ಗೆರೆಯೊಂದೇ ಇಡೀ ಹಾಳೆಯಲ್ಲಿ ನಿಜ ಹೇಳುತ್ತಿತ್ತು.

ಅವತ್ತು ರಾತ್ರಿ ಹಾಸ್ಟೆಲ್‌ನಲ್ಲಿ ಜಗಳವಾಯಿತು. ಪೋಸ್ಟರ್ ಸ್ಪರ್ಧೆಗೆ ಮೂರು ದಿನ ಇತ್ತು. 'ಬಿಡೇ, ಎಕ್ಸ್‌ಟರ್ನಲ್‌ಗೆ ಏನ್ ಗೊತ್ತಾಗುತ್ತೆ? 55ರಲ್ಲೇ ಬಂದಿದೆಯಲ್ಲ' ಅಂದಳು ಒಬ್ಬ ಗೆಳತಿ. ಅವಳನ್ನು ಕೆಟ್ಟವಳೆಂದು ಬರೆಯಲಾರೆ. ಅದೇ ಮಾತನ್ನು ನಾನು ಮನಸ್ಸಿನಲ್ಲಿ ಅವಳಿಗಿಂತ ಮೊದಲೇ ಹೇಳಿಕೊಂಡಿದ್ದೆ. ಮಾರ್ಕ್ಸ್ ಬೇಕಿತ್ತು, ರೆಸ್ಯೂಮೆಯಲ್ಲಿ ಒಂದು ಸಾಲು ಬೇಕಿತ್ತು. ಆ ಕ್ರಾಪ್ ಮಾಡಿದ ಚಿತ್ರದಲ್ಲಿ ಸುಳ್ಳು ಅಂತ ಬೆರಳಿಟ್ಟು ತೋರಿಸುವಂಥದ್ದು ಏನೂ ಇರಲಿಲ್ಲ. ಅದೇ ಹೆದರಿಕೆಯ ವಿಷಯ.

ಈ ತೊಂದರೆ ನಮ್ಮಂಥ ಹುಡುಗಿಯರದ್ದು ಮಾತ್ರ ಅಂದುಕೊಂಡಿದ್ದೆ. ಹುಡುಕಿ ಓದಿದಾಗ ದೊಡ್ಡವರ ಕಥೆಯೂ ಇದೇ ಎಂದು ಗೊತ್ತಾಯಿತು. ಜಗತ್ತಿನಾದ್ಯಂತ ಸಂಶೋಧನೆಗೆ ಬಳಸುವ ಪ್ರತಿಕಾಯದಂಥ ವಸ್ತುಗಳಿಗೆ ವರ್ಷಕ್ಕೆ ಸುಮಾರು 160 ಕೋಟಿ ಡಾಲರ್ ಖರ್ಚಾಗುತ್ತದೆ, ಅದರಲ್ಲಿ ಅರ್ಧದಷ್ಟು ಕೆಲಸಕ್ಕೆ ಬಾರದವಕ್ಕೆ ಹೋಗುತ್ತಿರಬಹುದು ಎಂದು 2015ರಲ್ಲಿ 'ನೇಚರ್' ಪತ್ರಿಕೆಯಲ್ಲಿ ನೂರಕ್ಕೂ ಹೆಚ್ಚು ವಿಜ್ಞಾನಿಗಳು ಸಹಿ ಹಾಕಿ ಬರೆದರು. 2023ರಲ್ಲಿ ಇನ್ನೊಂದು ತಂಡ 65 ಪ್ರೋಟೀನುಗಳಿಗೆಂದು ಮಾರುತ್ತಿದ್ದ 614 ಪ್ರತಿಕಾಯಗಳನ್ನು ಒಂದೊಂದಾಗಿ ಪರೀಕ್ಷಿಸಿತು. ವಿಧಾನ ಸರಳ. ಆ ಪ್ರೋಟೀನು ಇರುವ ಕೋಶ ಒಂದು ಕಡೆ, ಜೀನ್ ತೆಗೆದು ಆ ಪ್ರೋಟೀನೇ ಇಲ್ಲದಂತೆ ಮಾಡಿದ ಕೋಶ ಇನ್ನೊಂದು ಕಡೆ. ಎರಡರಲ್ಲೂ ಗೆರೆ ಬಂದರೆ ಆ ಗೆರೆ ಸುಳ್ಳು. ತನ್ನ ಪ್ರೋಟೀನನ್ನು ಗುರುತಿಸಲು ಸೋತ ಪ್ರತಿಕಾಯಗಳನ್ನೇ ನಂಬಿ ಬರೆದ ಸಂಶೋಧನಾ ಪ್ರಬಂಧಗಳು ಒಂದೊಂದು ಪ್ರೋಟೀನಿಗೆ ಸರಾಸರಿ 12 ಸಿಕ್ಕವಂತೆ. ಸೋತ ಕೆಲವನ್ನು ಕಂಪನಿಗಳು ಮಾರುಕಟ್ಟೆಯಿಂದ ವಾಪಸ್ ತೆಗೆದುಕೊಂಡವು.

ನಿಮ್ಹಾನ್ಸ್‌ನಂಥ ಕಡೆ ಮೈಟೊಕಾಂಡ್ರಿಯದ ಕಾಯಿಲೆ ಅನುಮಾನವಿರುವ ಮಕ್ಕಳ ಸ್ನಾಯುವಿನ ಚೂರು ತೆಗೆದು, ಬಣ್ಣ ಹಾಕಿ ನೋಡುತ್ತಾರೆ. ಅಲ್ಲಿ ಬಣ್ಣ ಬಂತೋ ಇಲ್ಲವೋ ಎನ್ನುವುದರ ಮೇಲೆ ಒಂದು ಮನೆಯವರ ಮುಂದಿನ ದಿನಗಳು ನಿಂತಿರುತ್ತವೆ. ಅಂಥ ಲ್ಯಾಬ್ ಒಂದರಲ್ಲಿ ಕೆಲಸಕ್ಕೆ ಸೇರಬೇಕೆಂಬ ಆಸೆ ನನಗಿದೆ. ಅಲ್ಲಿ ಕುಳಿತೂ ನಾನು ಹೀಗೇ ಚೌಕ ಎಳೆಯುತ್ತೇನಾ ಎಂದು ಆ ರಾತ್ರಿ ನಿದ್ದೆ ಬರಲಿಲ್ಲ.

ಆಗ ಜೂನ್ ತಿಂಗಳ ಹಾಸನ ಮತ್ತೆ ನೆನಪಾಯಿತು. 40 ದಿನ, 20 ಸಾವು. ಕಪ್ಪು ಗೆರೆಯಂಥ ಸಂಖ್ಯೆ. ಹಿಂದಿನ ವರ್ಷ ಅದೇ 40 ದಿನಗಳಲ್ಲಿ ಎಷ್ಟು, ಪಕ್ಕದ ಜಿಲ್ಲೆಗಳಲ್ಲಿ ಎಷ್ಟು ಎಂದು ಯಾರೂ ಕೇಳುತ್ತಿರಲಿಲ್ಲ. ನಾನೂ ಕೇಳಿರಲಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಬಂದದ್ದನ್ನೆಲ್ಲ ಅಮ್ಮನಿಗೆ ಫಾರ್ವರ್ಡ್ ಮಾಡಿದ್ದೆ, ಲಸಿಕೆಯದ್ದೂ ಸೇರಿ. ಜುಲೈನಲ್ಲಿ ಜಯದೇವ ಆಸ್ಪತ್ರೆಯ ನಿರ್ದೇಶಕರ ನೇತೃತ್ವದ ತಜ್ಞರ ಸಮಿತಿ ಕೂತು ನೋಡಿದ್ದು ಅದನ್ನೇ. ವರದಿಯಾದ ಸಾವುಗಳ ದಾಖಲೆಗಳನ್ನು ತೆಗೆಸಿತು; ಕೆಲವು ಹೃದಯಕ್ಕೆ ಸಂಬಂಧಿಸಿದ್ದೇ ಆಗಿರಲಿಲ್ಲ. ಆಸ್ಪತ್ರೆಯ ಹಿಂದಿನ ಅಂಕಿ-ಅಂಶಗಳ ಜೊತೆ ಹೋಲಿಸಿ, ಹೃದಯಾಘಾತದ ಸಾವು ಇದ್ದಕ್ಕಿದ್ದಂತೆ ಏರಿಲ್ಲ ಎಂದಿತು. ಹೋದ ಜೀವಗಳೇನೂ ಸುಳ್ಳಲ್ಲ. ಸಕ್ಕರೆ ಕಾಯಿಲೆ, ಬಿಪಿ, ಸಿಗರೇಟು ಇವೂ ಸುಳ್ಳಲ್ಲ, ಸಮಿತಿ ಅವನ್ನೂ ಹೇಳಿತು. ಆದರೆ ನಾವೆಲ್ಲ ಹೆದರಿದ್ದು ಸಾವಿಗಿಂತ ಹೆಚ್ಚಾಗಿ 'ಏರಿಕೆ'ಗೆ. ಆ ಏರಿಕೆಯನ್ನು ಯಾರೂ ಅಳೆದಿರಲಿಲ್ಲ. ಆಮೇಲೆ ಸರ್ಕಾರ, ಆಸ್ಪತ್ರೆಯ ಹೊರಗೆ ಆಗುವ ಹಠಾತ್ ಸಾವುಗಳನ್ನು ಕಡ್ಡಾಯವಾಗಿ ವರದಿ ಮಾಡಿ ಮರಣೋತ್ತರ ಪರೀಕ್ಷೆ ನಡೆಸಬೇಕು ಎಂದು ಹೇಳಿತು. ಮುಂದಿನ ಸಲ ಯಾರಾದರೂ ಲೆಕ್ಕ ಕೇಳಿದರೆ ಹೋಲಿಸಲು ಏನಾದರೂ ಇರಲಿ ಅಂತ ಇರಬೇಕು.

ಬೆಳಿಗ್ಗೆ ಗೈಡ್ ಮೇಡಂ ಹತ್ತಿರ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆವು. ಅವರು ಬೈಯಲಿಲ್ಲ, ಹೊಗಳಲೂ ಇಲ್ಲ. 'ಪೋಸ್ಟರ್ ವಾಪಸ್ ತಗೊಳ್ಳಿ, ಸರಿಯಾಗಿ ಮಾಡಿ' ಅಂದರು. ಸ್ಪರ್ಧೆ ಹೋಯಿತು, 450 ರೂಪಾಯಿಯೂ ಹೋಯಿತು.

ಮತ್ತೆ ಗುಂಡಿಗೆ ತಂದೆವು. ಈ ಸಲ ಅಂಗಡಿಯವರು ಕೇಳದೆಯೇ ಕಟ್ಟಿಕೊಟ್ಟರು. ಸಣ್ಣ ಚೂರು ಮಾಡಿ, ತಣ್ಣನೆಯ ಉಪ್ಪುನೀರಿನಲ್ಲಿ ಕೆಂಪು ಹೋಗುವ ತನಕ ತೊಳೆದೆವು. ಎಷ್ಟು ಸಲ ಅಂದರೆ ಬೆರಳು ಮರಗಟ್ಟಿತು. ಸಕ್ಕರೆ ದ್ರಾವಣದಲ್ಲಿ ಅರೆದು, ಮೊದಲು 600 ಜಿ ವೇಗಕ್ಕೆ ತಿರುಗಿಸಿ ಒರಟು ಕಸ ಕೂರಿಸಿದೆವು. ಮೇಲಿನ ತಿಳಿಯನ್ನು 10,000 ಜಿಗೆ ತಿರುಗಿಸಿದರೆ ಟ್ಯೂಬಿನ ತಳದಲ್ಲಿ ಕಂದು ಬಣ್ಣದ ಗಟ್ಟಿ ಉಳಿಯುತ್ತದೆ. ಅದೇ ಮೈಟೊಕಾಂಡ್ರಿಯ. ಮೇಲುಳಿದ ನೀರನ್ನು ಚೆಲ್ಲದೆ ಅದನ್ನೂ ಒಂದು ಲೇನ್‌ಗೆ ಹಾಕಿದೆವು, ಯಾಕೆಂದರೆ ನಮ್ಮ ಪ್ರೋಟೀನು ಅಲ್ಲಿ ಇರಬಾರದು. ಎರಡನೇ ಪ್ರತಿಕಾಯವಾಗಿ ಮೇಕೆಯಲ್ಲೇ ತಯಾರಿಸಿದ್ದನ್ನು ಅಕ್ಕನ ಹತ್ತಿರ ಕೇಳಿ ತಂದೆವು. ಮೇಕೆಯ ಮೈ ತನ್ನದೇ ಪ್ರತಿಕಾಯದ ವಿರುದ್ಧ ಸಾಮಾನ್ಯವಾಗಿ ಆಯುಧ ಮಾಡಿಕೊಳ್ಳುವುದಿಲ್ಲ. ಹಾಳೆಯನ್ನು ಎರಡಾಗಿ ಕತ್ತರಿಸಿ ಅರ್ಧಕ್ಕೆ ಎರಡೂ ಪ್ರತಿಕಾಯ, ಇನ್ನರ್ಧಕ್ಕೆ ಎರಡನೆಯದು ಮಾತ್ರ.

ಕೊನೆಯ 10 ಮೈಕ್ರೋಲೀಟರ್ ಹಾಕುವಾಗ ನನ್ನ ಕೈ ನಡುಗುತ್ತಿತ್ತು. ಪಿಪೆಟ್ ಹಿಡಿಯಲು ಗೆಳತಿಗೆ ಕೊಟ್ಟೆ. 'ಬಿಡೇ' ಅಂದಿದ್ದವಳೇ.

ಮೈಟೊಕಾಂಡ್ರಿಯ ಇದ್ದ ಲೇನ್‌ನಲ್ಲಿ 55ರ ಹತ್ತಿರ ಗೆರೆ ಬಂತು. ಮೇಲಿನ ನೀರಿನ ಲೇನ್‌ನಲ್ಲಿ ಕಂಡೂ ಕಾಣದಷ್ಟು. ಎರಡನೆಯದು ಮಾತ್ರ ಹಾಕಿದ ಅರ್ಧ ಹಾಳೆ ಪೂರ್ತಿ ಬಿಳಿ. 25ರಲ್ಲಿ ಏನೂ ಇಲ್ಲ. ಮೊದಲ ಸಲದ ಗೆರೆಯ ಪಕ್ಕ ಇಟ್ಟರೆ ಇದು ಬಡಕಲು. ಆ ಕತ್ತಲೆ ಕೋಣೆಯಲ್ಲಿ ಈ ಸಲ ಯಾರೂ ಕಿರುಚಲಿಲ್ಲ. 'ಬಿಳಿ ಹಾಳೆ ಫೋಟೊ ತೆಗಿ ಮೊದಲು' ಅಂದಳು ಗೆಳತಿ.

ಇಷ್ಟಾದರೂ ಪೂರ್ತಿ ಸಾಬೀತಾಗಿಲ್ಲ. ಬಾಟಲಿಯ ಜೊತೆ ಬಂದ ಹಾಳೆಯಲ್ಲಿ ಮನುಷ್ಯ, ಇಲಿ, ಹೆಗ್ಗಣ, ಹಸು ಎಂದಿದೆ, ಮೇಕೆಯ ಹೆಸರಿಲ್ಲ. ಆ ಪ್ರೋಟೀನೇ ಇಲ್ಲದ ಮೇಕೆಯ ಹೃದಯ ನಮಗೆಲ್ಲಿ ಸಿಗಬೇಕು, ಅಂಥ ಮೇಕೆ ಬದುಕುವುದೂ ಇಲ್ಲ. ರಿಪೋರ್ಟ್‌ನಲ್ಲಿ ಇದನ್ನೆಲ್ಲ ಬರೆದೆವು. ಮೊದಲ ಚಿತ್ರವನ್ನೂ ಅಂಟಿಸಿದೆವು, ಈ ಸಲ ಕತ್ತರಿಸದೆ. ವೈವಾದಲ್ಲಿ ಎಕ್ಸ್‌ಟರ್ನಲ್ ಸರ್ ಆ ಪುಟದಲ್ಲೇ ನಿಂತು ಹತ್ತು ನಿಮಿಷ ಪ್ರಶ್ನೆ ಕೇಳಿದರು. ಎರಡನೇ ಚಿತ್ರದ ಬಗ್ಗೆ ಏನೂ ಕೇಳಲಿಲ್ಲ.

ಬಳಸಿದ ಇಲಿಯ ಪ್ರತಿಕಾಯದ ದ್ರಾವಣವನ್ನು ಚೆಲ್ಲದೆ ಟ್ಯೂಬಿನಲ್ಲಿ ವಾಪಸ್ ತುಂಬಿ ಫ್ರಿಜ್‌ನಲ್ಲಿಟ್ಟಿದ್ದೇವೆ, ಇನ್ನೊಂದೆರಡು ಸಲ ಬರುತ್ತದೆ. ಜೂನಿಯರ್‌ಗಳು ಕೋಳಿಯ ಹೃದಯದಲ್ಲಿ ನೋಡಬೇಕಂತೆ. ಪಕ್ಕದಲ್ಲೇ ಮೊಲದ ಪ್ರತಿಕಾಯದ ಬಾಟಲಿಯೂ ಇದೆ. ಅದರ ಮೇಲೆ ಮಾರ್ಕರ್‌ನಲ್ಲಿ ಬರೆದಿದ್ದೇನೆ: 'ಮೇಕೆಗೆ ಬೇಡ. ಬೇರೆ ಯಾವುದಕ್ಕಾದರೂ ಮೊದಲು ಇದೊಂದನ್ನೇ ಹಾಕಿ ನೋಡಿ.'